ಅಪ್‌ಡೇಟ್: ಹಿಂದಿನ ಸೀಟಿನ ಗುಯ್ ಸದ್ದು ನಿಂತಿತು, ಆದರೆ...

ಹೋದ ತಿಂಗಳು ಕೇಳಿದ್ದೆನಲ್ಲ, ನನ್ನ ಹೈಬ್ರಿಡ್ (ಪೆಟ್ರೋಲ್ ಜೊತೆ ಬ್ಯಾಟರಿಯಲ್ಲೂ ಓಡುವ) ಎಸ್‌ಯುವಿಯಲ್ಲಿ ಹಿಂದಿನ ಸೀಟಿನ ಕೆಳಗಿಂದ ಗುಯ್ ಅಂತ ಸದ್ದು ಬರುತ್ತಿದೆ, ಮೈಲೇಜೂ ಇಳಿದಿದೆ ಅಂತ. ಆಗ ಫಿಲ್ಟರ್ ನೋಡಿ ಅಂತ ಇಲ್ಲಿ ಉತ್ತರ ಕೊಟ್ಟ ಅಣ್ಣ ಹೇಳಿದ್ದೇ ಸರಿ. ಬ್ಯಾಟರಿ ತಂಪು ಮಾಡುವ ಫ್ಯಾನಿನ ಫಿಲ್ಟರ್ ಧೂಳು ಹಿಡಿದು ಪೂರ್ತಿ ಕಟ್ಟಿಹೋಗಿತ್ತು, ಅದಕ್ಕೇ ಫ್ಯಾನ್ ಜೋರಾಗಿ ತಿರುಗಿ ಆ ಸದ್ದು ಮಾಡುತ್ತಿತ್ತು. ಸೇಡಂ ರಸ್ತೆಯಲ್ಲಿ ದಿನಾ ಸಿಮೆಂಟ್ ಲಾರಿಗಳ ಹಿಂದೆ ಹೋದರೆ ಇನ್ನೇನಾಗುತ್ತೆ, ಅದರ ಮೇಲೆ ಕಲಬುರಗಿಯ 42 ಡಿಗ್ರಿ ಬಿಸಿಲು ಬೇರೆ. ಬ್ಯಾಟರಿ ಕಾದರೆ ಗಾಡಿ ಅದರ ಮೇಲಿನ ಭಾರ ಇಳಿಸಿ ಪೆಟ್ರೋಲ್ ಎಂಜಿನ್ನನ್ನೇ ಜಾಸ್ತಿ ಓಡಿಸುತ್ತದೆ. ಕ್ಲೀನ್ ಮಾಡಿಸಿದೆ, ಲೀಟರಿಗೆ 14 ಇದ್ದದ್ದು 17ಕ್ಕೆ ಬಂತು.

ಆದರೆ ಇಷ್ಟು ದುಡ್ಡಿನ ಗಾಡಿ, ಫಿಲ್ಟರ್ ಕಟ್ಟುತ್ತಿದೆ ಅಂತ ಮೊದಲೇ ಸ್ಕ್ರೀನ್ ಮೇಲೆ ಹೇಳಬಾರದಾ? ಸ್ಟೆಪ್ನಿಯೂ ಇಲ್ಲ, ಬರೀ ಪಂಕ್ಚರ್ ಕಿಟ್. ಶಹಾಬಾದ್ ಕಡೆ ಫರಸಿ ಕಲ್ಲಿನ ಚೂರು ಟೈರಿನ ಪಕ್ಕ ಸೀಳಿದರೆ ಆ ಕಿಟ್ ಸುಮ್ನೆ ದಂಡ. ಎಸಿಗೆ ತಿರುಗಿಸುವ ಗುಂಡಿ ಬೇಕು, ಕುಣಿಯುವ ರಸ್ತೆಯಲ್ಲಿ ಟಚ್‌ಸ್ಕ್ರೀನ್ ಒತ್ತೋದು ಆಗದ ಮಾತು. ತಣ್ಣನೆ ಗಾಳಿಯ ಸೀಟು ಮುಂದಿನವರಿಗೆ ಮಾತ್ರ, ಹಿಂದೆ ಕೂರುವ ಅಪ್ಪ ಇನ್ನೂ ಟವೆಲ್ ಹಾಸಿಕೊಂಡೇ ಕೂರುತ್ತಾರೆ.