ಮೊರೇವಿಯನ್ನರ ಹಳೇ ದಿನಚರಿಗಳಲ್ಲಿ ಜನಜೀವನ ಎಷ್ಟು ಸಿಗುತ್ತೆ?

ಪುಟತಿರುವಿ:
ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಮೊರೇವಿಯನ್ ಕ್ರೈಸ್ತರು ಕಟ್ಟಿದ ಊರುಗಳ ಬಗ್ಗೆ ಓದುತ್ತಿದ್ದೇನೆ. ಅವರ ದಿನಚರಿಗಳ ಇಂಗ್ಲಿಷ್ ಅನುವಾದ ಸಿಕ್ಕಿದೆ. ಸುಮ್ನೆ ಕಣ್ಣಾಡಿಸಿದರೆ ಪ್ರಾರ್ಥನೆ, ಕೀರ್ತನೆಗಳೇ ಜಾಸ್ತಿ. ಆ ಜನ ಹೇಗೆ ಬದುಕಿದ್ದರು ಅಂತ ಇದರಿಂದ ತಿಳಿಯುತ್ತಾ?

ಹಳೇಕಡತ:
ಖಂಡಿತ ತಿಳಿಯುತ್ತೆ. 1753ರ ನವೆಂಬರ್ 17ರ ಪುಟ ಓದಿ. ಪೆನ್ಸಿಲ್ವೇನಿಯಾದ ಬೆಥ್ಲೆಹೆಮ್‌ನಿಂದ ವಾರಗಟ್ಟಲೆ ಪ್ರಯಾಣ ಮಾಡಿ ಬಂದ ಗಂಡಸರು ಯಾರೋ ಬಿಟ್ಟುಹೋದ ಮರದ ಗುಡಿಸಲು ಸೇರುತ್ತಾರೆ. ರಾತ್ರಿ ಒಟ್ಟಿಗೆ ಕೂತು ಹಾಡುತ್ತಾರೆ, ಹೊರಗೆ ತೋಳಗಳು ಊಳಿಡುತ್ತಿರುತ್ತವೆ, ಆಮೇಲೆ ಎಲ್ಲರೂ ಒತ್ತಿಕೊಂಡು ನೆಲದ ಮೇಲೆ ಮಲಗಿದರೆ ಒಬ್ಬರು ಮಾತ್ರ ಉಳಿದವರ ತಲೆ ಮೇಲೇ ಜೋಲಿ ಕಟ್ಟಿಕೊಳ್ಳುತ್ತಾರೆ. ಆ ಜಾಗವೇ ಬೆಥಾಬರಾ ಅನ್ನೋ ಊರಾಯಿತು. ಅವರ ವೈದ್ಯ ಕಾಲ್ಬರ್ಲಾನ್ ಹತ್ತಿರ ದೂರದೂರದ ಜನ ಬರುತ್ತಿದ್ದರು. 1759ರ ಜ್ವರದಲ್ಲಿ ಅವರೇ ತೀರಿಕೊಂಡರು.

ಮಲೆನಾಡಿಗ:
ಇವು ಗುಟ್ಟಾಗಿ ಬರೆದುಕೊಂಡ ಡೈರಿಗಳಲ್ಲ ಅನ್ನೋದು ನೆನಪಿರಲಿ. ಸಭೆಯ, ಅಂದರೆ ಆ ಊರಿನ ಮೊರೇವಿಯನ್ ಸಮುದಾಯದ, ಪರವಾಗಿ ಬರೆದದ್ದು. ಇಂಥ ದಿನಚರಿಗಳ ಪ್ರತಿ ಅಥವಾ ಸಾರಾಂಶ ಬೇರೆ ಊರುಗಳಿಗೆ ಹೋಗಿ, ಅಲ್ಲಿನ ಸಭೆಗಳಲ್ಲಿ ಗಟ್ಟಿಯಾಗಿ ಓದಲಾಗುತ್ತಿತ್ತು. ಹತ್ತು ಜನರ ಮುಂದೆ ಓದುವ ಕಾಗದದಲ್ಲಿ ಮನೆ ಜಗಳ ಯಾರು ಬರೆಯುತ್ತಾರೆ? ಅದು ಬೇಕಿದ್ದರೆ ಹಿರಿಯರ ಸಮಿತಿಯ ನಡಾವಳಿ ನೋಡಿ. ದೊಡ್ಡ ತೀರ್ಮಾನಗಳಿಗೆ ಚೀಟಿ ಎತ್ತುತ್ತಿದ್ದರು: ಹೌದು, ಬೇಡ, ಇಲ್ಲಾ ಖಾಲಿ. ಮದುವೆಗೂ ಇದೇ ಕ್ರಮ. ಖಾಲಿ ಚೀಟಿ ಬಂದರೆ ಕಾಯಬೇಕು. ಇಬ್ಬರು ಮನುಷ್ಯರ ಬಾಳು ಒಂದು ಚೀಟಿ ಮೇಲೆ ನಿಂತಿತ್ತು ಅಂತ ಓದುವಾಗ ನನಗಂತೂ ಎದೆ ಭಾರ ಆಗುತ್ತೆ. ಜೊತೆಗೆ ಸದಸ್ಯರು ತಾವೇ ಬರೆದಿಟ್ಟ ಜೀವನಕಥೆಗಳಿವೆ. ಅವರು ಸತ್ತಾಗ ಅದನ್ನು ಓದುತ್ತಿದ್ದರು. ಹೆಂಗಸರೂ ಬರೆದಿದ್ದಾರೆ, ಬಿಡಬೇಡಿ.

ಸಂಜೆಓದು:
ಗುಲಾಮರ ವಿಷಯವನ್ನೂ ಹುಡುಕಿ ಓದಿ. 1769ರಲ್ಲಿ ಸಭೆಯೇ ಸ್ಯಾಮ್ ಎಂಬ ಗುಲಾಮನನ್ನು ಕೊಂಡಿತು. 1771ರಲ್ಲಿ ದೀಕ್ಷಾಸ್ನಾನ ಕೊಟ್ಟು ಯೋಹಾನ್ ಸ್ಯಾಮ್ಯುಯೆಲ್ ಅಂತ ಹೆಸರಿಟ್ಟರು. ಸಹೋದರ ಅಂತ ಸೇರಿಸಿಕೊಂಡರು, ಒಡೆತನ ಮಾತ್ರ ಆಗ ಬಿಡಲಿಲ್ಲ! ಮುಂದೆ ಅಲ್ಲಿನ ಸೇಲಂನಲ್ಲಿ (ತಮಿಳುನಾಡಿನದಲ್ಲ) 1816ರಲ್ಲಿ ಕರಿಯರಿಗೆ ಬೇರೆ ಸ್ಮಶಾನ, 1823ರಲ್ಲಿ ಬೇರೆ ಚರ್ಚು ಆಯಿತು. ಮೊದಲು ಒಟ್ಟಿಗೇ ಹೂಳುತ್ತಿದ್ದ ಜನ ಇವರು. ಭಕ್ತಿಯ ಸಾಲುಗಳ ಮಧ್ಯೆ ಇದು ಸಲೀಸಾಗಿ ಕಣ್ತಪ್ಪುತ್ತೆ.

ಪುಟತಿರುವಿ:
ತುಂಬಾ ಥ್ಯಾಂಕ್ಸ್. ನಡಾವಳಿಗಳನ್ನು ಬೇರೆ ಕಡೆ ಹುಡುಕಬೇಕಾ?

ಮಲೆನಾಡಿಗ:
ಬೇಡ. ಅಡಿಲೇಡ್ ಫ್ರೈಸ್ ಸಂಪಾದಿಸಿದ ಸಂಪುಟಗಳಲ್ಲಿ ದಿನಚರಿ, ನಡಾವಳಿ ಎರಡೂ ಇವೆ, ಮೊದಲನೆಯದು 1922ರದ್ದು. ಆದರೆ ಅವು ಆಯ್ದ ಭಾಗಗಳು, ಪೂರ್ತಿ ಜರ್ಮನ್ ಮೂಲ ಅಲ್ಲ.