ಕಲ್ಲೊಡಕವೋ, ಕಲ್ಲೊಡಕೋ? ಒಂದು ಬೆಟ್ಟದ ಹೂವಿನ ಹೆಸರು

ಗೆಳೆಯರೇ,

ಬೆಟ್ಟದ ಗಿಡಗಳ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸ್ಯಾಕ್ಸಿಫ್ರೇಗ ಅನ್ನೋ ಹೂವಿನ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ಲ್ಯಾಟಿನ್‌ನಲ್ಲಿ ಸ್ಯಾಕ್ಸಂ ಅಂದರೆ ಬಂಡೆ, ಫ್ರಾಂಗೆರೆ ಅಂದರೆ ಒಡೆಯುವುದು. ಹೆಸರು ಚೆನ್ನಾಗಿದೆ, ಆದರೆ ಗಿಡ ಆ ಕೆಲಸ ಮಾಡುವುದಿಲ್ಲ. ಬೆಟ್ಟದ ಮೇಲೆ ಕಲ್ಲು ಒಡೆಯುವುದು ಹೆಚ್ಚಾಗಿ ನೀರು. ಸಂದಿಗೆ ಇಳಿದ ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಕಲ್ಲು ಬಾಯಿಬಿಡುತ್ತದೆ. ಆಮೇಲೆ ಅಲ್ಲಿ ಚಿಟಿಕೆ ಮಣ್ಣು ಸೇರಿ, ಗಿಡ ಬಂದು ಕೂರುತ್ತದೆ.

ಹೆಸರಿನಲ್ಲಿರುವ ಕಲ್ಲು ಬಂಡೆಯಲ್ಲ, ಮೂತ್ರಕೋಶದ ಕಲ್ಲು ಎನ್ನುವವರೇ ಜಾಸ್ತಿ. ಯುರೋಪಿನ ಒಂದು ಜಾತಿಯ ಬುಡದಲ್ಲಿ ಹರಳಿನಂಥ ಪುಟ್ಟ ಗೆಡ್ಡೆಗಳಿರುತ್ತವೆ. ಅದನ್ನು ಕಲ್ಲು ಕರಗಿಸುವ ಮದ್ದು ಎಂದು ನಂಬಿದ್ದರು. ಆಯುರ್ವೇದದ ಪಾಷಾಣಭೇದ ಅನ್ನೋ ಮೂಲಿಕೆಯ ಹೆಸರಿಗೂ ಇದೇ ಅರ್ಥ, ಅದಕ್ಕೂ ಇದೇ ಬಳಕೆ. ಆ ಹೆಸರಿನಿಂದ ಕರೆಯುವ ಹಿಮಾಲಯದ ಬರ್ಗೇನಿಯವೂ ಇದೇ ಕುಟುಂಬದ್ದು! ಹಾಗಾದರೆ ಪಾಷಾಣಭೇದಿ ಅಂತಲೇ ಬರೆಯಬಹುದಲ್ವಾ ಅಂದುಕೊಂಡೆ. ಆದರೆ ಇವತ್ತಿನ ಕನ್ನಡದ ಕಿವಿಗೆ ಪಾಷಾಣ ಅಂದರೆ ಮೊದಲು ಕೇಳಿಸುವುದು ವಿಷ. ಭೇದಿ ಅಂದರಂತೂ ಹೊಟ್ಟೆ ಕೆಟ್ಟದ್ದು. ಕಲ್ಲುಹೂ ಅನ್ನೋಣ ಅಂದರೆ ಅದು ಆಗಲೇ ಬಂಡೆಗೆ, ತೊಗಟೆಗೆ ಅಂಟಿ ಬೆಳೆಯುವ ಲೈಕೆನ್‌ನ ಹೆಸರು.

ಉಳಿದದ್ದು ಕಲ್ಲೊಡಕ. ಕುಡಿಯುವವನು ಕುಡುಕ, ತಿರಿಯುವವನು ತಿರುಕ, ಹಾಗೆ ಒಡೆಯುವುದು ಒಡಕ. ಇಲ್ಲಿ ನನಗೆ ಎರಡು ಅನುಮಾನ. ಎಕಾರದಲ್ಲಿ ಮುಗಿಯುವ ‘ಒಡೆ’ಗೆ ಈ ಪ್ರತ್ಯಯ ಸಹಜವಾಗಿ ಹತ್ತುತ್ತದೆಯೇ? ಹತ್ತಿದರೂ, ಬಾಯಿಬಡುಕ, ಮನೆಮುರುಕ ಎಲ್ಲ ಬೈಗುಳದ ಮಾತೇ ತಾನೇ?

ಈ ಗಿಡಕ್ಕೆ ಬೈಗುಳ ಅಂಟಿಸಲು ನನಗೆ ಮನಸ್ಸಿಲ್ಲ. ಒಂದು ಜಾತಿಯನ್ನು ಭೂತಗನ್ನಡಿಯಲ್ಲಿ ನೋಡಿದ್ದೇನೆ. ದಪ್ಪ ಎಲೆಗಳು ನೆಲಕ್ಕೆ ಒತ್ತಿಕೊಂಡು, ಒಂದರ ಮೇಲೊಂದು ಸುತ್ತಾಗಿ ಕೂತಿರುತ್ತವೆ. ಅಂಚಿನಲ್ಲಿ ಗರಗಸದಂಥ ಹಲ್ಲು, ಹಲ್ಲಿಗೊಂದು ಬಿಳಿ ಚುಕ್ಕೆ. ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುತ್ತದೆ. ಅದು ಸುಣ್ಣ. ಬೇರು ಹೀರಿದ ಸುಣ್ಣದ ನೀರು ಎಲೆಯಂಚಿನ ಸಣ್ಣ ತೂತಿನಿಂದ ಜಿನುಗಿ, ಆರಿ, ಹಾಗೇ ಉಳಿದದ್ದು. ಹೂ ಬಿಟ್ಟ ಸುತ್ತು ಸಾಯುತ್ತದೆ. ಅಷ್ಟರಲ್ಲಿ ಪಕ್ಕದಲ್ಲಿ ಮರಿಗಳು ಬೇರು ಬಿಟ್ಟಿರುತ್ತವೆ. ಇನ್ನು ಕೆಲವು ಜಾತಿಗಳು ದಿಂಬಿನ ಹಾಗೆ ಒತ್ತಾಗಿ ಬೆಳೆಯುತ್ತವೆ. ಒಣಗಿದ ಎಲೆ ಉದುರಿ ಹೋಗುವುದಿಲ್ಲ, ಒಳಗೇ ಕೊಳೆತು ಮಣ್ಣಾಗಿ ತೇವ ಹಿಡಿದಿಡುತ್ತದೆ. ಬರಿಗಲ್ಲಿನ ಮೇಲೆ ತನ್ನ ಮಣ್ಣನ್ನು ತಾನೇ ಮಾಡಿಕೊಳ್ಳುವ ಗಿಡ! ನೇರಳೆ ಹೂವಿನ ಒಂದು ಜಾತಿ ಸ್ವಿಟ್ಜರ್ಲೆಂಡಿನ ಡೋಮ್ ಪರ್ವತದಲ್ಲಿ 4,505 ಮೀಟರ್ ಎತ್ತರದಲ್ಲಿ ಸಿಕ್ಕಿದೆ.

ಕೊನೆಗೆ ಸುಮ್ನೆ ಒಂದು ಉಕಾರ ಸೇರಿಸಿ ನೋಡಿದೆ. ಕಲ್ಲೊಡಕು. ಈಗ ಅದು ಕಲ್ಲಿನ ಬಿರುಕು, ಅಂದರೆ ಗಿಡ ಇರುವ ಜಾಗ. ಒಡೆಯುವ ಮಾತೂ ಒಳಗೆ ಉಳಿಯಿತು. ‘ಕಲ್ಲೊಡಕಿನ ಹೂ’ ಎಂದು ಬರೆದರೆ ಓದುವವರಿಗೆ ಹತ್ತಬಹುದೇ? ನನಗೆ ಇದೇ ಹಿಡಿಸಿದೆ.

ಜೊತೆಗೆ ಇನ್ನೊಂದು. ನೆಲಕ್ಕೊತ್ತಿದ ಆ ಎಲೆಗಳ ಸುತ್ತಿಗೆ ‘ಎಲೆಸಿಂಬೆ’ ಎಂದು ಬರೆದಿದ್ದೇನೆ. ಸಿಂಬೆಯ ನಡುವೆ ತೂತಿರುತ್ತದೆ, ಇದರಲ್ಲಿಲ್ಲ. ಇದಕ್ಕಿಂತ ಒಪ್ಪುವ ಪದ ನಿಮ್ಮ ಕಡೆಯ ಮಾತಿನಲ್ಲಿದ್ದರೆ ತಿಳಿಸಿ.