ವಿಡಿಯೋ ನೋಡಿ ‘ಅರ್ಥ ಆಯ್ತು’ ಅಂತಾರೆ, ಮರುದಿನ ಕೇಳಿದರೆ ಉತ್ತರವೇ ಬೇರೆ

ಕಿರಣರೇಖೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಎಂಟನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ತರಗತಿಯಲ್ಲಿ ಪ್ರೊಜೆಕ್ಟರ್ ಇದೆ, ನೆಟ್ ಇದೆ, ನನ್ನದೊಂದು ಮೊಬೈಲ್ ಇದೆ. ಮಕ್ಕಳ ಹತ್ತಿರ ಮೊಬೈಲ್ ಇಲ್ಲ.

ಕಳೆದ ವಾರ ಋತುಗಳ ಪಾಠ ಇತ್ತು. ಒಳ್ಳೆಯ ಅನಿಮೇಷನ್ ಹುಡುಕಿ ಹಾಕಿದೆ. ಭೂಮಿಯ ಅಕ್ಷ 23.5 ಡಿಗ್ರಿ ವಾಲಿರುವುದು, ಬಿಸಿಲು ಒಂದು ಕಡೆ ನೇರವಾಗಿ, ಇನ್ನೊಂದು ಕಡೆ ಓರೆಯಾಗಿ ಬೀಳುವುದು, ಎಲ್ಲಾ ಅದರಲ್ಲಿತ್ತು. ಮಕ್ಕಳು ಕಣ್ಣು ಮಿಟುಕಿಸದೆ ನೋಡಿದರು. ‘ಅರ್ಥ ಆಯ್ತಾ?’ ಅಂದೆ. ‘ಆಯ್ತು ಮಿಸ್’ ಅಂದರು. ಬೇಸಿಗೆ ಯಾಕೆ ಬರುತ್ತದೆ ಅಂತ ಮರುದಿನ ಬರೆಸಿದರೆ ಅರ್ಧಕ್ಕಿಂತ ಜಾಸ್ತಿ ಮಕ್ಕಳು ‘ಭೂಮಿ ಸೂರ್ಯನ ಹತ್ತಿರ ಬಂದಾಗ’ ಅಂತ ಬರೆದಿದ್ದಾರೆ. ಒಬ್ಬಳಂತೂ ಚಿತ್ರವನ್ನೇ ಬಿಡಿಸಿದ್ದಾಳೆ. ಉದ್ದನೆಯ ಮೊಟ್ಟೆಯಾಕಾರದ ಪಥ, ಒಂದು ತುದಿಗೆ ಸೂರ್ಯ. ಹತ್ತಿರದ ತುದಿಗೆ ‘ಬೇಸಿಗೆ’, ದೂರದ ತುದಿಗೆ ‘ಚಳಿಗಾಲ’. ಆ ವಿಡಿಯೋದಲ್ಲಿ ಎಲ್ಲೂ ಹಾಗೆ ಹೇಳಿಲ್ಲ!

ವಿಡಿಯೋ ಬಿಟ್ಟು ಬರೀ ಬೋರ್ಡಿಗೆ ವಾಪಸ್ ಹೋಗಬೇಕಾ? ಇಲ್ಲಾ ತೋರಿಸುವ ರೀತಿಯೇ ಬೇರೆ ಇದೆಯಾ? ಅನುಭವ ಇರುವವರು ದಯವಿಟ್ಟು ಹೇಳಿ.

ಲೋಲಕ

ಮೇಡಂ, ಖಂಡಿತ ಬಿಡಬೇಡಿ. ವಿಡಿಯೋದ ಮಾತು ಹಾಗೆ ಹೇಳದೇ ಇರಬಹುದು, ಚಿತ್ರ ಹಾಗೇ ಹೇಳಿರುತ್ತದೆ. ಇಂಥ ಅನಿಮೇಷನ್‌ಗಳಲ್ಲಿ ಭೂಮಿಯ ಪಥವನ್ನು ಪಕ್ಕದಿಂದ ಓರೆಯಾಗಿ ತೋರಿಸುತ್ತಾರೆ. ದುಂಡಗಿನ ತಟ್ಟೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ವಾಲಿಸಿದರೆ ಮೊಟ್ಟೆಯಾಕಾರ ಕಾಣುತ್ತದಲ್ವಾ, ಇದೂ ಅಷ್ಟೇ. ಆ ಹುಡುಗಿ ಗಮನ ಇಟ್ಟೇ ನೋಡಿದ್ದಾಳೆ. ಚಿತ್ರವನ್ನು ಓದುವುದು ಹೇಗೆ ಅಂತ ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ನಾವು ಪಠ್ಯ ಓದುವುದನ್ನು ವರ್ಷಗಟ್ಟಲೆ ಕಲಿಸುತ್ತೇವೆ. ಅನಿಮೇಷನ್, ಗ್ರಾಫ್, ಉಪಗ್ರಹದ ಫೋಟೋ ಇವೆಲ್ಲ ತಾವಾಗೇ ಅರ್ಥ ಆಗುತ್ತವೆ ಅಂದುಕೊಳ್ಳುತ್ತೇವೆ. ಆಗುವುದಿಲ್ಲ.

ನಾನು ಮಾಡುವುದು ಹೀಗೆ. ಪಥ ಪೂರ್ತಿ ಕಾಣುವ ಜಾಗದಲ್ಲಿ ವಿಡಿಯೋ ನಿಲ್ಲಿಸುತ್ತೇನೆ. ‘ಇದರಲ್ಲಿ ಯಾವುದು ನಿಜವಾದ ಅಳತೆ? ಯಾವುದು ಅನುಕೂಲಕ್ಕೆ ಅಂತ ಹಿಗ್ಗಿಸಿದ್ದು?’ ಅಂತ ಕೇಳುತ್ತೇನೆ. ಮಕ್ಕಳು ಊಹೆ ಬರೆದ ಮೇಲೆ ಅಂಕಿ ಕೊಡುತ್ತೇನೆ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿ.ಮೀ. ಅತಿ ದೂರ ಇರುವುದು ಜುಲೈ ಮೊದಲ ವಾರದಲ್ಲಿ, ಸುಮಾರು 15.2 ಕೋಟಿ ಕಿ.ಮೀ. ಜನವರಿ ಅಂದ ಕೂಡಲೇ ಯಾರಾದರೂ ‘ಸರ್, ಆಗ ಉತ್ತರದ ದೇಶಗಳಲ್ಲಿ ಹಿಮ ಬೀಳುತ್ತಲ್ಲಾ’ ಅಂತ ಕೇಳಿಯೇ ಕೇಳುತ್ತಾರೆ.

ಆಮೇಲೆ ಕೈವಾರ. 10 ಸೆಂ.ಮೀ. ತ್ರಿಜ್ಯದ ವೃತ್ತ ಬರೆಸಿ. ಅದೇ ಅಳತೆಯಲ್ಲಿ ಭೂಮಿಯ ನಿಜವಾದ ಪಥ ಬರೆದರೆ ಎರಡರ ಆಕಾರದಲ್ಲಿ ವ್ಯತ್ಯಾಸ ಎಷ್ಟು ಗೊತ್ತಾ? ಪೆನ್ಸಿಲ್ ಗೆರೆಯ ದಪ್ಪದೊಳಗೇ ಮುಚ್ಚಿಹೋಗುತ್ತದೆ. ಸೂರ್ಯನನ್ನು ಮಾತ್ರ ಕೇಂದ್ರದಿಂದ 1.7 ಮಿ.ಮೀ. ಪಕ್ಕಕ್ಕೆ ಇಡಬೇಕು. ಆ ಸೂರ್ಯ 1 ಮಿ.ಮೀ.ಗಿಂತ ಸಣ್ಣ ಚುಕ್ಕಿ. ಭೂಮಿ ಆ ಹಾಳೆಯಲ್ಲಿ ಕಣ್ಣಿಗೇ ಕಾಣುವುದಿಲ್ಲ. ಈ ಹಾಳೆಯನ್ನು ನಿಲ್ಲಿಸಿದ ವಿಡಿಯೋದ ಪಕ್ಕ ಹಿಡಿದುಕೊಂಡು ನೋಡಲಿ. ಅಲ್ಲಿಂದ ಮುಂದಕ್ಕೆ ಓಡಿಸಿದರೆ ‘ಅಕ್ಷ ವಾಲಿದೆ’ ಅನ್ನುವ ಮಾತು ಕಿವಿಗೆ ಬೀಳುತ್ತದೆ. ಅದಕ್ಕಿಂತ ಮೊದಲು ಬೀಳುವುದಿಲ್ಲ.

ಇದು ನನ್ನೊಬ್ಬನ ಅನಿಸಿಕೆ ಅಲ್ಲ. ಯೂಟ್ಯೂಬ್‌ನ ವಿಜ್ಞಾನ ಚಾನೆಲ್ ವೆರಿಟಾಸಿಯಂನ ಡೆರೆಕ್ ಮುಲ್ಲರ್ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿದ್ದು ಭೌತವಿಜ್ಞಾನ ಕಲಿಸುವ ವಿಡಿಯೋಗಳ ಮೇಲೆಯೇ, ಅದು ಮುಗಿದದ್ದು 2008ರಲ್ಲಿ. ನೇರವಾಗಿ, ಸ್ಪಷ್ಟವಾಗಿ ವಿವರಿಸುವ ವಿಡಿಯೋ ನೋಡಿದವರು ‘ಚೆನ್ನಾಗಿ ಅರ್ಥ ಆಯ್ತು’ ಅಂದರು, ಪರೀಕ್ಷೆಯಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಸಾಮಾನ್ಯವಾದ ತಪ್ಪು ತಿಳುವಳಿಕೆಯನ್ನು ಮೊದಲು ಎತ್ತಿ ಚರ್ಚಿಸಿದ ವಿಡಿಯೋ ನೋಡಿದವರಿಗೆ ಗೊಂದಲ ಅನಿಸಿತು, ಆದರೆ ಕಲಿತದ್ದು ಜಾಸ್ತಿ. ನಿಮ್ಮ ಆ ಹುಡುಗಿಯ ಚಿತ್ರವನ್ನೇ ಹೆಸರು ಹೇಳದೆ ಪರದೆ ಮೇಲೆ ಹಾಕಿ, ಅಲ್ಲಿಂದ ಪಾಠ ಶುರು ಮಾಡಿ. ಅದಕ್ಕಿಂತ ಒಳ್ಳೆಯ ಸಾಮಗ್ರಿ ನೆಟ್‌ನಲ್ಲಿ ಸಿಗುವುದಿಲ್ಲ.

ತಕ್ಕಡಿ

ಲೋಲಕ ಸರ್ ಹೇಳಿದ್ದು ಸರಿ. ಜೊತೆಗೆ ಒಂದು ಮಾತು: ಮಕ್ಕಳೇ ವಿಡಿಯೋ ಮಾಡಲಿ. ನಿಮ್ಮ ಒಂದು ಮೊಬೈಲ್ ಸಾಕು.

ಗೋಡೆಗೆ ಮೀಟರ್ ಸ್ಕೇಲ್ ನೆಟ್ಟಗೆ ಅಂಟಿಸಿ, ಅದರ ಪಕ್ಕದಲ್ಲೇ ಮೇಲಿನ ಸೊನ್ನೆ ಗುರುತಿನಿಂದ ಚೆಂಡು ಕೆಳಗೆ ಬೀಳಿಸಿ, ಸೆಕೆಂಡಿಗೆ 30 ಫ್ರೇಮ್‌ನಲ್ಲಿ ರೆಕಾರ್ಡ್ ಮಾಡಿ. ಪರದೆ ಮೇಲೆ ಒಂದೊಂದೇ ಫ್ರೇಮ್ ಸರಿಸಿ. ಮೂರು ಫ್ರೇಮ್ ಅಂದರೆ 0.1 ಸೆಕೆಂಡ್. ಚೆಂಡು ಸುಮಾರು 5, 20, 44, 78 ಸೆಂ.ಮೀ. ಗುರುತುಗಳ ಹತ್ತಿರ ಸಿಗುತ್ತದೆ. ಪ್ರತಿ ಸಲ ಎಷ್ಟು ದೂರ ಹೆಚ್ಚು ಬಿತ್ತು ಅಂತ ಕಳೆದು ನೋಡಿದರೆ 1, 3, 5, 7ರ ಅನುಪಾತ. ಗೆಲಿಲಿಯೋ ಕಂಡ ನಿಯಮ ಅದು. ಮಕ್ಕಳು ತಾವೇ ಬೋರ್ಡಿನ ಮೇಲೆ ಬರೆದ ಅಂಕಿಗಳಲ್ಲಿ ಅದು ಮೂಡಿಬರುವಾಗ ತರಗತಿಯ ಗದ್ದಲ ಕೇಳಬೇಕು ನೀವು.

ಬೆಳಕು ಚೆನ್ನಾಗಿರಲಿ, ಕಡಿಮೆ ಇದ್ದರೆ ಮೊಬೈಲ್ ಫ್ರೇಮ್ ವೇಗವನ್ನು ತಾನೇ ಇಳಿಸಿಬಿಡುತ್ತದೆ, ಚೆಂಡೂ ಮಸುಕಾಗುತ್ತದೆ. ಮೊಬೈಲ್ ದೂರ ಇಟ್ಟು, ಅಲ್ಲಾಡದಂತೆ ನಿಲ್ಲಿಸಿ. ಹತ್ತಿರ ಹಿಡಿದರೆ ಸ್ಕೇಲಿನ ಮೇಲ್ತುದಿ, ಕೆಳತುದಿಗಳ ಹತ್ತಿರ ಓದಿದ್ದು ತಪ್ಪುತ್ತದೆ. ಯಾಕೆ ತಪ್ಪುತ್ತದೆ ಅನ್ನುವುದೇ ಅರ್ಧ ಗಂಟೆಯ ಒಳ್ಳೆಯ ಚರ್ಚೆ.

ಕಿರಣರೇಖೆ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕೈವಾರದ ವೃತ್ತ ನಾನೇ ಬರೆದು ನೋಡಿದೆ, 1.7 ಮಿ.ಮೀ. ಗುರುತು ಹಾಕುವಾಗ ಮೈ ಜುಮ್ಮೆಂದಿತು. ಇನ್ನೊಂದು ಕೇಳಲಾ? ಮಕ್ಕಳು ಮನೆಯಲ್ಲಿ ನೋಡಿದ ಮೆಸೇಜ್ ತಂದು ‘ಮಿಸ್, ಇದು ನಿಜಾನಾ?’ ಅಂತಾರೆ. ಮೊನ್ನೆಯದು ‘ಆಗಸ್ಟ್‌ನಲ್ಲಿ ಮಂಗಳ ಗ್ರಹ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆ’ ಅಂತ. ಸುಮ್ನೆ ‘ಸುಳ್ಳು’ ಅಂತ ಹೇಳಿ ಮುಗಿಸಲು ಮನಸ್ಸಿಲ್ಲ.

ಲೋಲಕ

ಮುಗಿಸಲೇಬೇಡಿ, ಅದು ಚಿನ್ನದಂಥ ಮೆಸೇಜ್! ಅದಕ್ಕೊಂದು ಮೂಲವೂ ಇದೆ. 2003ರ ಆಗಸ್ಟ್ 27ರಂದು ಮಂಗಳ ನಿಜವಾಗಿಯೂ ಭೂಮಿಗೆ ತುಂಬಾ ಹತ್ತಿರ ಬಂದಿತ್ತು, ಸುಮಾರು 5.58 ಕೋಟಿ ಕಿ.ಮೀ. ದೂರದಷ್ಟು. 75 ಪಟ್ಟು ಹಿಗ್ಗಿಸುವ ದೂರದರ್ಶಕದಲ್ಲಿ ನೋಡಿದರೆ ಬರಿಗಣ್ಣಿಗೆ ಚಂದ್ರ ಕಾಣುವಷ್ಟು ಕಾಣುತ್ತದೆ ಅನ್ನುವುದು ಮೂಲ ಮಾತು. ಹಂಚಿಕೊಳ್ಳುತ್ತಾ ದೂರದರ್ಶಕ ಉದುರಿಹೋಯಿತು, ಇಸವಿಯೂ ಉದುರಿತು. ಹಾಗಾಗಿ ಆಗಸ್ಟ್ ಬಂದಾಗಲೆಲ್ಲ ಮತ್ತೆ ಹುಟ್ಟುತ್ತದೆ.

ಮೊದಲು ಮಕ್ಕಳು ಮೆಸೇಜಿನಲ್ಲಿ ಏನೇನು ಇಲ್ಲ ಅಂತ ಹುಡುಕಲಿ: ಯಾವ ವರ್ಷ, ಯಾರು ಹೇಳಿದ್ದು, ಎಲ್ಲಿಂದ ಕಾಣುತ್ತದೆ. ಆಮೇಲೆ ಲೆಕ್ಕ. ಮಂಗಳದ ವ್ಯಾಸ ಸುಮಾರು 6,780 ಕಿ.ಮೀ., ಚಂದ್ರನದು 3,475. ಚಂದ್ರ ಇರುವುದು 3.84 ಲಕ್ಷ ಕಿ.ಮೀ. ದೂರದಲ್ಲಿ. ಎರಡೂ ಒಂದೇ ಗಾತ್ರ ಕಾಣಬೇಕಾದರೆ ಮಂಗಳ 7.5 ಲಕ್ಷ ಕಿ.ಮೀ.ಗೆ ಬರಬೇಕು. 5.58 ಕೋಟಿ ಎಲ್ಲಿ, 7.5 ಲಕ್ಷ ಎಲ್ಲಿ! ಕೊನೆಗೆ ಬೇಕಾದ ದಿನದ ಆಕಾಶ ತೋರಿಸುವ ಸ್ಟೆಲ್ಲೇರಿಯಂ ತೆರೆದು ಈ ವರ್ಷದ ಆಗಸ್ಟ್ ದಿನಾಂಕ ಹಾಕಿ ಮಂಗಳ ಎಲ್ಲಿದೆ ನೋಡಿ. ಉಚಿತ ತಂತ್ರಾಂಶ, ಒಮ್ಮೆ ಇನ್‌ಸ್ಟಾಲ್ ಮಾಡಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ.

ಆದ ಮೇಲೆ ಮೆಸೇಜ್ ಕಳಿಸಿದವರಿಗೆ ಮಕ್ಕಳೇ ನಾಲ್ಕು ಸಾಲಿನ ಉತ್ತರ ಬರೆಯಲಿ, ಲೆಕ್ಕದ ಸಮೇತ. ದೊಡ್ಡವರಿಗೆ ಬೇಜಾರಾಗದಂತೆ ಬರೆಯುವುದೂ ಕಲಿಕೆಯೇ, ಅದಕ್ಕೂ ಸಮಯ ಕೊಡಿ. ಒಂದಿಷ್ಟು ಉತ್ತರ ಇಲ್ಲಿ ಹಾಕಿ ಮೇಡಂ, ನನ್ನ ಮಕ್ಕಳಿಗೆ ಓದಿಸಬೇಕು.